ಡಬ್ಬದೊಳಗಿನ ಹೆಸರುಗಳು

ಹೋದ ಆಷಾಢದಲ್ಲಿ ಹಳೇ ಹಾಸಿಗೆಯ ಹತ್ತಿ ಹಿಂಜಿಸಬೇಕೆಂದು ಲಷ್ಕರ್ ಮೊಹಲ್ಲಾಕ್ಕೆ ಹೋಗಿದ್ದೆ. ಈ ಕಾಲದಲ್ಲಿ ಯಾರಮ್ಮ ಹತ್ತಿ ಹಿಂಜಿಸ್ತಾರೆ, ಫೋಮಿನದು ತಗೋ ಎಂದು ಮಗಳು ಗೊಣಗಿದ್ದಳು. ನಾನು ಯಾವತ್ತು ಮಗಳ ಮಾತು ಕೇಳಿದ್ದೇನೆ? ಆಟೋ ಇಳಿದೆನೋ ಇಲ್ಲವೋ, ಮಳೆ ಹಿಡಿದುಕೊಂಡಿತು. ಸೆರಗು ತಲೆಗೆಳೆದುಕೊಂಡು ಎದುರಿಗೆ ಕಂಡ ಮೆಟ್ಟಿಲ ಕೆಳಗೆ ಓಡಿ ನಿಂತೆ. ನಿಂತ ಮೇಲೆ ಮೂಗಿಗೆ ವಾಸನೆ ಬಡಿಯಿತು. ಒದ್ದೆ ಹತ್ತಿ, ಒದ್ದೆ ಗೋಡೆ, ಯಾರೋ ಅರ್ಧ ಸೇದಿ ಎಸೆದ ಬೀಡಿ. ತಲೆ ಎತ್ತಿ ನೋಡುವ ಮೊದಲೇ ಎಲ್ಲಿ ನಿಂತಿದ್ದೇನೆಂದು ಗೊತ್ತಾಗಿಹೋಯಿತು. ಇಷ್ಟು ವರ್ಷ ಈ ಬೀದಿಯನ್ನು ಬಳಸಿಕೊಂಡು ಆಚೆ ಬೀದಿಯಲ್ಲಿ ಓಡಾಡುತ್ತಿದ್ದವಳು ಮಳೆಯ ಗಡಿಬಿಡಿಯಲ್ಲಿ ಸೀದಾ ಅದೇ ಮೆಟ್ಟಿಲಿಗೆ ಬಂದು ನಿಂತಿದ್ದೆ. ಹಾಳು ಮಳೆ ಅರ್ಧ ಗಂಟೆ ಬಿಡಲೇ ಇಲ್ಲ.

ಹೊಸ ಶತಮಾನಕ್ಕೆ ಇನ್ನೊಂದೆರಡು ವರ್ಷ ಇದ್ದಾಗಿನ ಮಾತು. ಆ ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯಲ್ಲಿ ಒಂದು ಏಜೆನ್ಸಿ ಇತ್ತು. ಕಾರ್ಖಾನೆಗಳಿಗೆ ತಾತ್ಕಾಲಿಕ ಕೆಲಸಕ್ಕೆ ಜನ ಕಳಿಸುವುದು ಅದರ ಕಸುಬು. ಕೆಳಗೆ ಹಾಸಿಗೆ ಹೊಲಿಯುವ ಅಂಗಡಿ. ಹತ್ತಿಯ ಎಳೆ ಹಾರಿ ಬಂದು ನಮ್ಮ ಟೈಪ್‌ರೈಟರಿನ ಮೇಲೂ ಕೂರುತ್ತಿತ್ತು. ನಾನು ಬಿ.ಕಾಂ. ಮುಗಿಸಿ, ಸೀನಿಯರ್ ಟೈಪಿಂಗ್ ಪಾಸಾಗಿ, ವಿದ್ಯಾರಣ್ಯಪುರಂನ ಮನೆಯಲ್ಲಿ ಅಮ್ಮನ ಜೊತೆ ಜಗಳವಾಡಿಕೊಂಡು ಕೂತಿದ್ದ ಕಾಲ. ಅಪ್ಪ ಮಠದ ಹಾಸ್ಟೆಲಿನಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಅವರಿಗೆ ಗೊತ್ತಿದ್ದವರೊಬ್ಬರ ಮಾತಿನ ಮೇಲೆ ಈ ಕೆಲಸ ಸಿಕ್ಕಿತು. ನೇಮಕದ ಕಾಗದ ಕೇಳಿದ್ದಕ್ಕೆ ಯಜಮಾನರು ನಕ್ಕರು, ಮನೆಯವಳ ಥರ ಇರಮ್ಮ, ಮನೆಯೋರಿಗೆ ಯಾರಾದ್ರೂ ಕಾಗದ ಕೊಡ್ತಾರಾ ಎಂದರು. ಅಲ್ಲಿಗೆ ನಾನೂ ತಾತ್ಕಾಲಿಕವೇ. ಅದು ಹೊಳೆಯುವ ವಯಸ್ಸಲ್ಲ.

ಯಜಮಾನರನ್ನು ಎಲ್ಲರೂ ಗೋಪಾಲ್ ಸಾರ್ ಎನ್ನುತ್ತಿದ್ದರು. ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಗುಮಾಸ್ತರಾಗಿದ್ದು, ಬಿಟ್ಟು ಬಂದು, ಈ ಏಜೆನ್ಸಿ ತೆರೆದಿದ್ದರು. ದನಿ ಎತ್ತರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಕೆಲಸ ಕೇಳಿಕೊಂಡು ಬಂದವರು ಹಸಿದಿದ್ದರೆ ಕೆಳಗಿನ ಹೋಟೆಲಿನಿಂದ ಇಡ್ಲಿ ತರಿಸುತ್ತಿದ್ದರು. ಅವರು ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ನನಗೆ ಸಲೀಸಾಗುತ್ತಿತ್ತು.

ಬೆಳಿಗ್ಗೆ ಏಳೂವರೆಗೆಲ್ಲ ಮೆಟ್ಟಿಲ ತುಂಬ ಜನ. ಹಿನಕಲ್ಲಿನವರು, ಸುತ್ತಿನ ಹಳ್ಳಿಗಳಿಂದ ಮೊದಲ ಬಸ್ಸಿಗೆ ಬಂದವರು, ಐ.ಟಿ.ಐ. ಮಾಡಿದವರು, ಏನೂ ಮಾಡದವರು. ಕಾರ್ಖಾನೆಯಿಂದ ಫೋನು ಬರುತ್ತಿತ್ತು: ಎಂಟು ಜನ ಕಳಿಸಿ, ಐದು ಜನ ಕಳಿಸಿ. ಅಕ್ಕಿ ಬೇಳೆ ತರಿಸಿದ ಹಾಗೇ. ಯಾರು ಅಂತ ಯಾವತ್ತೂ ಕೇಳುತ್ತಿರಲಿಲ್ಲ. ನಾನು ಹೆಸರು ಟೈಪು ಮಾಡಿ, ಗೇಟ್ ಪಾಸಿಗೆ ಫೋಟೋ ಅಂಟಿಸಿ, ಸೀಲು ಒತ್ತಿ ಕಳಿಸುತ್ತಿದ್ದೆ.

ಈಗ ಒಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ವರ್ಷದಲ್ಲಿ ಇನ್ನೂರ ನಲವತ್ತು ದಿನ ಒಂದೇ ಕಡೆ ದುಡಿದವನು ನನ್ನನ್ನು ಕಾಯಂ ಮಾಡಿ ಎಂದು ಕೋರ್ಟಿಗೆ ಹೋಗಬಹುದು ಅಂತ ಕಾರ್ಖಾನೆಗಳಿಗೆ ಭಯ. ಅದಕ್ಕೇ ಇನ್ನೂರ ಮೂವತ್ತನೆಯ ದಿನದ ಹೊತ್ತಿಗೆ ಅವನ ಪಾಸು ವಾಪಸು ಬರುತ್ತಿತ್ತು. ಇದಕ್ಕೆ ಬ್ರೇಕು ಎನ್ನುತ್ತಿದ್ದರು. ಅವನು ಮನೆಗೆ ಹೋಗಬೇಕು. ಆದರೆ ಎಂಟು ತಿಂಗಳು ಕೆಲಸ ಕಲಿತ ಕೈ ಹೋದರೆ ಕಾರ್ಖಾನೆಗೂ ನಷ್ಟ, ಅವನಿಗೂ ಅನ್ನವಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗೋಪಾಲ್ ಸಾರ್ ಕಂಡುಕೊಂಡಿದ್ದ ದಾರಿ ಎಂದರೆ ಮನುಷ್ಯ ಅವನೇ, ಹೆಸರು ಬೇರೆ.

ಹೆಸರುಗಳಿಗೇನೂ ಬರವಿರಲಿಲ್ಲ. ಎಷ್ಟೋ ಜನ ಬಂದು ಹೆಸರು ಬರೆಸಿ, ಶಾಲೆಯ ಟಿ.ಸಿ. ನಕಲು ಕೊಟ್ಟು, ಆಮೇಲೆ ತಿರುಪ್ಪೂರಿಗೋ ಕೊಯಮತ್ತೂರಿಗೋ ಹೋಗಿಬಿಟ್ಟಿರುತ್ತಿದ್ದರು. ಅವರ ಕಾಗದಗಳು ನನ್ನ ಮೇಜಿನ ಕೆಳಗಿನ ದೊಡ್ಡ ಬಿಸ್ಕತ್ತಿನ ಡಬ್ಬದಲ್ಲಿದ್ದವು. ಬ್ರೇಕಾದವನಿಗೆ ವಯಸ್ಸು ಹೊಂದುವ ಒಂದು ಹೆಸರನ್ನು ಡಬ್ಬದಿಂದ ತೆಗೆದು ಕೊಡುವುದು ನನ್ನ ಕೆಲಸ. ಪಾಸಿನಲ್ಲಿ ಫೋಟೋ ಇವನದು, ಹೆಸರು ಅವನದು. ಸರ್ಕಾರಿ ವಿಮೆಯ ಕಾರ್ಡೂ ಆ ಹೆಸರಿಗೇ. ಇದು ತಪ್ಪು ಅಂತ ನನಗೆ ಗೊತ್ತಿರಲಿಲ್ಲವೇ ಎಂದು ಕೇಳಿದರೆ, ಗೊತ್ತಿತ್ತು. ಹೊಟ್ಟೆಪಾಡು ಎನ್ನುವ ಮಾತೊಂದು ನಮ್ಮಲ್ಲಿ ಇದೆಯಲ್ಲ, ಅದನ್ನು ಎಲ್ಲದರ ಮೇಲೂ ಹೊದಿಸಿಬಿಡುತ್ತಿದ್ದೆ.

ಹೆಸರು ಕೊಟ್ಟರಾಯಿತೇ? ಅದಕ್ಕೆ ಓಗೊಡಬೇಕಲ್ಲ. ಒಮ್ಮೆ ಯಾರೋ ಒಬ್ಬ ಸೆಕ್ಯೂರಿಟಿಯವನು ಕರೆದಾಗ ಸುಮ್ಮನೆ ನಿಂತು ಸಿಕ್ಕಿಬಿದ್ದಿದ್ದನಂತೆ. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ. ಹೊಸ ಹೆಸರಿನವರು ಹೆಚ್ಚೆಂದರೆ ಮೂರು ದಿನ ಆಫೀಸಿನ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂರಬೇಕು. ನಾನು ಟೈಪು ಮಾಡುತ್ತ ಮಾಡುತ್ತ ಇದ್ದಕ್ಕಿದ್ದಂತೆ ಹೆಸರು ಹಿಡಿದು ಕೂಗುತ್ತಿದ್ದೆ. ತಟ್ಟನೆ ತಿರುಗಿದರೆ ಪಾಸು. ಹೆಸರು ಪಳಗಿಸೋದು ಅಂತ ನಾನೇ ಇದಕ್ಕೆ ಹೆಸರಿಟ್ಟಿದ್ದೆ. ಬೆಂಚಿನವರು ನಗುತ್ತಿದ್ದರು, ನಾನೂ ನಗುತ್ತಿದ್ದೆ, ಒಬ್ಬ ತಿರುಗದಿದ್ದರೆ ಪಕ್ಕದವನು ಮೊಣಕೈಯಿಂದ ತಿವಿಯುತ್ತಿದ್ದ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ, ನನ್ನ ಮೇಲೇ.

ಆ ವರ್ಷ ಜ್ಯೇಷ್ಠದ ಕೊನೆಯಿಂದಲೇ ಜಿಟಿಜಿಟಿ ಮಳೆ. ಮೈಸೂರಿನ ಮಳೆ ಗೊತ್ತಲ್ಲ, ಹೊಡೆದು ಹೋಗುವುದಿಲ್ಲ, ಸಾಲ ಕೇಳಲು ಬಂದ ನೆಂಟನ ಹಾಗೆ ಕೂತುಬಿಡುತ್ತದೆ. ಅಂಥ ಒಂದು ಬೆಳಿಗ್ಗೆ ಸಿದ್ದರಾಜು ಬ್ರೇಕಾಗಿ ಬಂದ. ಹಿನಕಲ್ಲಿನವನು, ಇಪ್ಪತ್ತಾರರ ಆಸುಪಾಸು, ಸಣ್ಣ ಆಳು. ತಗಡು ಒತ್ತುವ ಒಂದು ಕಾರ್ಖಾನೆಯಲ್ಲಿ ಇನ್ನೂರ ಮೂವತ್ತೆರಡು ದಿನ ಮಾಡಿದ್ದ. ಅವನ ಕೈಚಳಕ ನೋಡಿದ ಅಲ್ಲಿನ ಸೂಪರ್‌ವೈಸರು ಈ ಹುಡುಗ ರಸ್ತೆಯಾಚೆಯ ಹೊಸ ಶೆಡ್ಡಿಗೆ ಬೇಕು, ಅಲ್ಲಿ ಯಾರಿಗೂ ಅವನ ಗುರುತಿಲ್ಲ, ಬೇರೆ ಹೆಸರಲ್ಲಿ ಕಳಿಸಿ ಎಂದು ಫೋನು ಮಾಡಿದ್ದರು. ಹೊಸ ಶೆಡ್ಡಿನಲ್ಲಿ ಕಾಯಂ ಮಾಡುವಾಗ ನಿನ್ನದೇ ಮೊದಲ ಹೆಸರು ಎಂದೂ ಅವನಿಗೆ ಹೇಳಿದ್ದರಂತೆ. ಹೆಂಡತಿಗೆ ಆರು ತಿಂಗಳು, ಮಗು ಬರೋ ಹೊತ್ಗೆ ಕಾಯಂ ಆಗ್ಬುಡ್ತೀನಿ ಅಕ್ಕ ಎಂದು ನನ್ನ ಮೇಜಿನ ಮುಂದೆ ನಿಂತು ಹಲ್ಲು ಕಿರಿದ.

ಮೊದಲ ಹೆಸರು ಅಂದರೆ ಯಾವ ಹೆಸರಪ್ಪ ಎಂದು ನಾನು ಕೇಳಬಹುದಿತ್ತು. ರಿಜಿಸ್ಟರಿನಲ್ಲಿ ಸಿದ್ದರಾಜುವಿನ ದಿನಗಳಿಗೆ ಅವತ್ತು ಬೆಳಿಗ್ಗೆ ನಾನೇ ಕೆಂಪು ಗೆರೆ ಎಳೆದಿದ್ದೆ. ಇನ್ನು ಮುಂದೆ ಅವನು ದುಡಿಯುವ ಒಂದೊಂದು ದಿನವೂ ಇನ್ನೊಬ್ಬನ ಲೆಕ್ಕಕ್ಕೆ ಜಮಾ. ಅವನು ಕಾಯಂ ಆಗುವುದು ಈ ಜನ್ಮಕ್ಕಿಲ್ಲ. ಇದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಹೇಳಲಿಲ್ಲ. ಬಗ್ಗಿ ಡಬ್ಬ ತೆಗೆದು, ವಯಸ್ಸು ನೋಡಿ, ನಂಜುಂಡಸ್ವಾಮಿ ಎನ್ನುವ ಹೆಸರು ಕೊಟ್ಟೆ. ಆ ನಂಜುಂಡಸ್ವಾಮಿ ಯಾರೋ, ಎಲ್ಲಿದ್ದಾನೋ, ಬದುಕಿದ್ದಾನೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು.

ಬೆಂಚಿನ ಮೇಲೆ ಕೂರಿಸಿದೆ. ನಂಜುಂಡಸ್ವಾಮಿ ಎಂದು ಕೂಗಿದೆ. ಅವನು ತಿರುಗಲಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಕೂಗಿದೆ. ಗೋಡೆ ನೋಡಿಕೊಂಡು ಕೂತಿದ್ದ. ಸಾಯಂಕಾಲದ ತನಕ ಹತ್ತಾರು ಸಲ ಕೂಗಿರಬೇಕು. ಪಕ್ಕದವರೆಲ್ಲ ಅವರವರ ಹೆಸರಿಗೆ ತಿರುಗಿ ಪಾಸು ತೆಗೆದುಕೊಂಡು ಹೋದರು. ಇವನು ಮಾತ್ರ ಒಂದು ಸಲವೂ ತಿರುಗಲಿಲ್ಲ. ಬೇಕಂತ ಮಾಡುತ್ತಿದ್ದಾನೇನೋ ಎಂದು ರೇಗಿದೆ. ಅವನು ನಿಜವಾಗಿ ಪೆಚ್ಚಾದ.

“ನಾನೇನ್ ಮಾಡ್ಲಿ ಅಕ್ಕ, ಕಿವಿಗೆ ಬೀಳ್ತದೆ. ಯಾರನ್ನೋ ಕರೀತಾವ್ರೆ ಅಂತ ಸುಮ್ನಾಗ್ಬುಡ್ತದೆ ಮನ್ಸು.”

ಎರಡನೆಯ ದಿನ ಬೆಳಿಗ್ಗೆಯೂ ಅದೇ. ಮಧ್ಯಾಹ್ನ ಹೊಸ ಶೆಡ್ಡಿನಿಂದ ಫೋನು ಬಂತು. ಇಬ್ಬರು ಬಂದಿಲ್ಲ, ಆ ಕೈಚಳಕದವನನ್ನು ಈಗಲೇ ಕಳಿಸಿ ಅಂತ. ಇನ್ನೂ ಪಳಗಿಲ್ಲ ಸಾರ್ ಎಂದು ಗೋಪಾಲ್ ಸಾರ್‌ಗೆ ಹೇಳಿದೆ. ಅವರು ನನ್ನ ಕಡೆ ನೋಡಿ, ನಿನಗೆ ಬಿಟ್ಟಿದ್ದಮ್ಮ, ನೀನು ಹ್ಞೂಂ ಅಂದರೆ ಕಳಿಸೋಣ ಎಂದರು. ನಿನಗೆ ಬಿಟ್ಟಿದ್ದು ಎನ್ನುವ ಮಾತಿಗೆ ನಾನು ಉಬ್ಬಿಹೋದೆ. ಸೀಲು ಒತ್ತಿ ಪಾಸು ಕೊಟ್ಟೆ. ಅವನು ಮೆಟ್ಟಿಲಿಳಿಯುವಾಗ ಹಾಸಿಗೆ ಅಂಗಡಿಯ ಮುಂದೆ ಬಿದ್ದಿದ್ದ ಹತ್ತಿಯನ್ನು ಒಂದು ಚಿಟಿಕೆ ಕಿತ್ತು ಜೇಬಿಗೆ ಹಾಕಿಕೊಂಡ. ತಗಡು ಒತ್ತುವ ಪ್ರೆಸ್ ಶೆಡ್ಡಿಗೆ ಹೋಗುವವರೆಲ್ಲ ಹಾಗೆ ಮಾಡುತ್ತಿದ್ದರು, ಸದ್ದಿಗೆ ಕಿವಿಗೆ ಇಟ್ಟುಕೊಳ್ಳಲು.

ಶ್ರಾವಣದಲ್ಲಿ ಒಂದು ದಿನ ಪಾಸುಗಳನ್ನು ಕೊಡಲು ನಾನೇ ಆ ಶೆಡ್ಡಿಗೆ ಹೋಗಬೇಕಾಯಿತು. ಒಳಗೆ ಹತ್ತೋ ಹನ್ನೆರಡೋ ಪ್ರೆಸ್ಸುಗಳು ಒಂದೇ ಸಮ ಬಡಿಯುತ್ತಿದ್ದವು. ನೆಲ ಕಾಲಡಿಯಲ್ಲಿ ಅದುರುತ್ತಿತ್ತು. ಸಿದ್ದರಾಜು ತಗಡನ್ನು ಅಚ್ಚಿನ ಕೆಳಗೆ ತಳ್ಳುವುದು, ಕೈ ಎಳೆದುಕೊಳ್ಳುವುದು, ಮೇಲಿನಿಂದ ಅದು ಬೀಳುವುದು, ಮತ್ತೆ ತಳ್ಳುವುದು. ಎದುರಿನ ಪ್ರೆಸ್ಸಿನಲ್ಲಿ ಮಾದಪ್ಪ ಎಂಬ ವಯಸ್ಸಾದ ಕಾಯಂ ಕೆಲಸಗಾರ. ಟೀ ಹೊತ್ತಾಯಿತೆಂದು ಅವನು ಕೂಗಿದ, “ಏ ನಂಜುಂಡಾ.” ಇವನು ತಿರುಗಲಿಲ್ಲ. ಇನ್ನೊಂದು ಸಲ ಕೂಗಿದ. ತಿರುಗಲಿಲ್ಲ. ಕೊನೆಗೆ ಮಾದಪ್ಪ ಎದ್ದು ಬಂದು ಭುಜ ತಟ್ಟಿ, ಕಿವುಡ್ ನನ್ಮಗ ಕಣ್ರೀ ಇವ್ನು ಎಂದು ನನಗೆ ಹೇಳಿ ನಕ್ಕ. ಸಿದ್ದರಾಜುವೂ ನಕ್ಕ. ನಾನು ಪಾಸುಗಳನ್ನು ಕೊಟ್ಟು ಸೀದಾ ಆಫೀಸಿಗೆ ಹೊರಟೆ. ಬಂದು ಗೋಪಾಲ್ ಸಾರ್‌ಗೆ ಹೇಳಿದೆ. ಇವತ್ತಲ್ಲ ನಾಳೆ ಪಳಗ್ತಾನೆ ಬಿಡಮ್ಮ ಎಂದರು. ನಾನೂ ಬಿಟ್ಟೆ.

ಬಿಟ್ಟೆ ಅಂದರೂ ಮನಸ್ಸು ಬಿಡಲಿಲ್ಲ. ಆ ತಿಂಗಳೆಲ್ಲ ಫೋನು ಹೊಡೆದುಕೊಂಡರೆ ಹೊಸ ಶೆಡ್ಡಿನದೇ ಇರಬೇಕೆಂದು ಓಡಿ ಎತ್ತುತ್ತಿದ್ದೆ. ಒಂದು ಶನಿವಾರ ಅವನು ಆಫೀಸಿಗೆ ಬಂದಾಗ ಮತ್ತೆ ಬೆಂಚಿನ ಮೇಲೆ ಕೂರಿಸಿ ಕೂಗಿ ನೋಡಿದೆ. ಈ ಸಲ ನಾನು ನಗಲಿಲ್ಲ. ಅವನು ತಿರುಗಲಿಲ್ಲ. ಬೇರೆ ಹೆಸರು ಕೊಡಲೇನೋ ಎಂದು ಕೇಳಿದೆ. ಬೇಡ ಬುಡಿ ಅಕ್ಕ, ಈಗ ಬದ್ಲಾಯ್ಸಿದ್ರೆ ದಿನ ಮತ್ತೆ ಒಂದ್ರಿಂದ ಸುರುವಾಗ್ತದೆ, ಕಾಯಂ ಆಗೋದು ತಡ ಆಗ್ಬುಡ್ತದೆ ಎಂದ. ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ. ಗೋಪಾಲ್ ಸಾರ್ ಒಳಗಿನಿಂದ ನನ್ನ ಹೆಸರು ಕರೆದರು. ನಾನು ತಟ್ಟನೆ ತಿರುಗಿ ಎದ್ದು ಹೋದೆ.

ಗೌರಿಹಬ್ಬ ಕಳೆದು ವಾರವಾಗಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಫೋನು ಬಂತು. ನಿಮ್ಮ ನಂಜುಂಡಸ್ವಾಮಿಗೆ ಪೆಟ್ಟಾಗಿದೆ, ವಿಮಾ ಆಸ್ಪತ್ರೆಗೆ ಕಳಿಸಿದ್ದೇವೆ ಎಂದು ಆ ಕಡೆಯವರು ಹೇಳಿದರು. ಯಾವ ಕೈ ಎಂದು ನಾನು ಕೇಳಿದೆ. ಅವರು ಕೈ ಅಂತ ಹೇಳಿರಲೇ ಇಲ್ಲ.

ಆಸ್ಪತ್ರೆಯ ಹೊರಗೆ ಮಾದಪ್ಪ ಕಂಬಕ್ಕೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದ. ಅಂಗಿಯ ತೋಳೆಲ್ಲ ರಕ್ತ. ಕರೆಂಟು ಹೋಗಿತ್ತಂತೆ. ಅಚ್ಚಿನಲ್ಲಿ ತಗಡು ಸಿಕ್ಕಿಕೊಂಡಿತ್ತು. ಇವನು ಸ್ವಿಚ್ಚು ಆರಿಸದೆ ಬಲಗೈ ಒಳಗೆ ಹಾಕಿ ಎಳೆಯುತ್ತಿದ್ದ. ಅಷ್ಟರಲ್ಲಿ ಕರೆಂಟು ಬಂತು. ಆ ಪ್ರೆಸ್ಸಿನ ಗಾಲಿ ವೇಗ ಹಿಡಿಯಲು ಮೂರ್ನಾಲ್ಕು ಕ್ಷಣ ಬೇಕು. ಎದುರಿಗಿದ್ದ ಮಾದಪ್ಪ ಅದನ್ನು ನೋಡಿದ.

“ಮೂರು ಸಲ ಕೂಗ್ದೆ ಕಣವ್ವ. ನಂಜುಂಡಾ, ನಂಜುಂಡಾ ಅಂತ ಗಂಟ್ಲು ಹರ್ಕೊಂಡು ಕೂಗ್ದೆ. ಕೈ ತಗಿ ಅನ್ನೋಕೆ ಹೊಳೀಲಿಲ್ಲ. ಮನುಷ್ಯನ್ನ ಕೂಗೋದು ಹೆಸ್ರಿಡ್ಕೊಂಡೇ ಅಲ್ವಾ? ಅವ್ನು ನನ್ನನ್ನಲ್ಲ ಅನ್ನೋ ಅಂಗೆ ಇದ್ಬುಟ್ಟ.”

ಅವನಿಗೆ ನಿಜ ಗೊತ್ತಿರಲಿಲ್ಲ. ಕಿವುಡನೊಬ್ಬನನ್ನು ಉಳಿಸಲಾಗಲಿಲ್ಲ ಎಂದು ಅವನು ಅಳುತ್ತಿದ್ದ. ಅವನ ಎದುರು ನಿಂತು, ಅದು ಅವನ ಹೆಸರಲ್ಲ ಮಾದಪ್ಪ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಒಳಗೆ ಆಪರೇಷನ್ ನಡೆಯುತ್ತಿತ್ತು. ಗೋಪಾಲ್ ಸಾರ್ ಬರಲಿಲ್ಲ, ಆಸ್ಪತ್ರೆಯ ಫೋನಿಗೆ ನನ್ನನ್ನು ಕರೆಸಿದರು. ಅವತ್ತೂ ದನಿ ಎತ್ತರಿಸಲಿಲ್ಲ. “ಅಪಘಾತದ ಫಾರಂ ತುಂಬಿಸೋಕೆ ಬರ್ತಾರೆ. ವಿಮೆ ಇರೋದು ನಂಜುಂಡಸ್ವಾಮಿಗೆ. ಸಿದ್ದರಾಜು ಅಂದ್ಬಿಟ್ರೆ ಅವನಿಗೆ ಪೆನ್ಷನ್ ಇಲ್ಲ, ಈ ಆಸ್ಪತ್ರೆ ಹಾಸಿಗೇನೂ ಇಲ್ಲ. ನಿಜ ಹೇಳಿ ಅವನ ಹೊಟ್ಟೆ ಮೇಲೆ ಹೊಡೀಬೇಡ ಗಿರಿಜಾ.” ಡಬ್ಬದ ಹೆಸರಿನಲ್ಲಿ ದುಡಿಯುತ್ತಿರುವ ಇನ್ನುಳಿದವರೂ ಇವತ್ತೇ ಬೀದಿಗೆ ಬೀಳುತ್ತಾರೆ ಎಂದೂ ಸೇರಿಸಿದರು. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದೇ ನನ್ನನ್ನು ಕಟ್ಟಿಹಾಕಿತು.

ಅವನ ಹೆಂಡತಿ ಮಹದೇವಿಯನ್ನು ಯಾರೋ ಸ್ಕೂಟರಿನಲ್ಲಿ ಕರೆತಂದಿದ್ದರು. ಎಂಟು ತಿಂಗಳ ಬಸುರಿ, ಬೆಂಚಿನ ಮೇಲೆ ಸೊಂಟ ಹಿಡಿದುಕೊಂಡು ಕೂತಿದ್ದಳು. ವಿಮೆಯ ಗುಮಾಸ್ತ ಫಾರಂ ಹಿಡಿದು ಬಂದು ನಿನ್ನ ಗಂಡನ ಹೆಸರೇನಮ್ಮ ಎಂದು ಕೇಳಿದ. ಅವಳು ಬಾಯಿ ಬಿಡಲಿಲ್ಲ. ಅವರ ಕಡೆ ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಆಡುವುದಿಲ್ಲ, ಆಡಿದರೆ ಗಂಡನ ಆಯುಸ್ಸು ಕಮ್ಮಿ ಎನ್ನುತ್ತಾರೆ. ಅಂಥ ಹೊತ್ತಿನಲ್ಲಿ ಅವಳು ಆಡುತ್ತಾಳೆಯೇ? ಸೆರಗಿನ ತುದಿ ಬಾಯಿಗೊತ್ತಿಕೊಂಡು, ನೀವು ಹೇಳಿ ಎನ್ನುವಂತೆ ನನ್ನ ಮುಖ ನೋಡಿದಳು. ಗುಮಾಸ್ತನಿಗೂ ಇದೆಲ್ಲ ರೂಢಿ. ಇವರು ಹೇಳಲ್ಲ, ನೀವೇ ಹೇಳಿ ಮೇಡಂ ಎಂದ.

ಅವಳಿಗೆ ಬೇರೆ ಹೆಸರಿನ ಸಂಗತಿ ಗೊತ್ತಿತ್ತೋ ಇಲ್ಲವೋ ನಾನು ಕೇಳಿರಲಿಲ್ಲ. ಅವಳ ಕಣ್ಣಿನಲ್ಲಿದ್ದದ್ದು ನಂಬಿಕೆ ಮಾತ್ರ. ನಂಜುಂಡಸ್ವಾಮಿ ಎಂದು ನಾನು ಹೇಳಿದೆ. ಗುಮಾಸ್ತ ಬರೆದುಕೊಂಡ. ಮಹದೇವಿ ಬೆಚ್ಚಿ ನನ್ನನ್ನೇ ನೋಡಿದಳು. ಅವಳ ಕೈ ಹಿಡಿದು ಅದುಮಿದೆ, ಸುಮ್ಮನಿರು ಎಂದು. ಅವಳು ಸುಮ್ಮನಿದ್ದಳು.

ಬಲಗೈಯನ್ನು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲಕ್ಕೆ ಕತ್ತರಿಸಿ ತೆಗೆದರು. ವಾರ್ಡಿಗೆ ತಂದ ಮೇಲೆ ನರ್ಸುಗಳು ನಂಜುಂಡಸ್ವಾಮಿ, ನಂಜುಂಡಸ್ವಾಮಿ ಎಂದು ಕರೆದರೆ ಅವನು ಛಾವಣಿ ನೋಡಿಕೊಂಡು ಮಲಗಿರುತ್ತಿದ್ದ. ಪ್ರೆಸ್ಸಿನ ಸದ್ದಿಗೆ ಕಿವಿ ಹೋಗಿರಬೇಕೆಂದು ಡಾಕ್ಟರು ಪರೀಕ್ಷೆಗೆ ಬರೆದರು. ಕಿವಿ ಚೆನ್ನಾಗಿದೆ ಎಂದು ಚೀಟಿ ಬಂತು. ನಾನು ಹೋದಾಗ ಅವನು ಒಂದೇ ಮಾತು ಕೇಳಿದ, ಹೊಸ ಶೆಡ್ಡಿನಲ್ಲಿ ಕಾಯಂ ಮಾಡೋದು ಯಾವಾಗಂತೆ ಅಕ್ಕ ಅಂತ. ನಾನು ಮೋಸಂಬಿ ಹಣ್ಣಿನ ಚೀಲ ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಆ ತಿಂಗಳೇ ಮಗು ಹುಟ್ಟಿತು, ಅದೇ ವಿಮಾ ಆಸ್ಪತ್ರೆಯಲ್ಲಿ, ಅದೇ ಕಾರ್ಡಿನ ಮೇಲೆ. ಗಂಡು ಮಗು. ತಂದೆಯ ಹೆಸರಿನ ಜಾಗದಲ್ಲಿ ಏನು ಬರೆದರೆಂದು ಹೇಳಬೇಕಾಗಿಲ್ಲ.

ಆಯುಧಪೂಜೆಗೆ ನಾಲ್ಕು ದಿನವಿರುವಾಗ ಹೊಸ ಶೆಡ್ಡಿನಿಂದ ಫೋನು ಬಂತು. ಆ ಪ್ರೆಸ್ಸಿಗೆ ಒಬ್ಬ ಬೇಕು. ಬ್ರೇಕಾಗಿದ್ದ ಇನ್ನೊಬ್ಬನಿದ್ದ. ನಾನು ಡಬ್ಬ ತೆಗೆದು ಹುಡುಕುತ್ತಿದ್ದೆ, ಅವನ ವಯಸ್ಸಿಗೆ ಹೊಂದುವ ಹೆಸರು ಸಿಗುತ್ತಿರಲಿಲ್ಲ. ಗೋಪಾಲ್ ಸಾರ್ ನನ್ನ ಹಿಂದೆ ಬಂದು ನಿಂತು ಮೆಲ್ಲಗೆ ಹೇಳಿದರು, “ಸಿದ್ದರಾಜು ಅನ್ನೋದು ಖಾಲಿ ಇದೆಯಲ್ಲಮ್ಮ.”

ಆಗುವುದಿಲ್ಲ ಸಾರ್ ಎಂದು ನಾನು ಎದ್ದು ಬಂದೆನೆಂದು ಬರೆಯಬಹುದು. ಯಾರು ನೋಡಲು ಬರುತ್ತಾರೆ? ಆದರೆ ನಾನು ಕೂತುಕೊಂಡೇ ಟೈಪು ಮಾಡಿದೆ. ಫೋಟೋ ಅಂಟಿಸಿದೆ. ಹೊಸಬನನ್ನು ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂರಿಸಿ, ಸಿದ್ದರಾಜು ಎಂದು ಕೂಗಿದೆ. ಅವನು ಮೊದಲನೇ ಕೂಗಿಗೇ ತಿರುಗಿದ. ಏನಕ್ಕ ಎಂದು ನಗುನಗುತ್ತ ನೋಡಿದ. ಅವನಿಗೆ ಪಾಸು ಕೊಟ್ಟು ಕಳಿಸಿ, ತಲೆನೋವೆಂದು ಹೇಳಿ ಮೆಟ್ಟಿಲಿಳಿದವಳು ಮತ್ತೆ ಹತ್ತಲಿಲ್ಲ. ಆಯುಧಪೂಜೆಯ ದಿನ ಆ ಪ್ರೆಸ್ಸಿಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ದೃಷ್ಟಿ ತೆಗೆದರು ಎಂದು ಆಮೇಲೆ ಕೇಳಿದೆ.

ಏಜೆನ್ಸಿ ಇನ್ನೂ ಕೆಲವು ವರ್ಷ ನಡೆದು ಮುಚ್ಚಿತು. ನನಗೆ ಮದುವೆಯಾಯಿತು, ಒಂದು ಶಾಲೆಯ ಆಫೀಸಿನಲ್ಲಿ ಕೆಲಸವಾಯಿತು. ನೇಮಕದ ಕಾಗದ ಕೈಗೆ ಬಂದ ದಿನ ಅದರಲ್ಲಿ ನನ್ನ ಹೆಸರನ್ನು ಎಷ್ಟು ಸಲ ಓದಿಕೊಂಡೆನೋ. ಆರೇಳು ವರ್ಷದ ಮೇಲೆ, ನನ್ನ ಗಂಡನ ಸ್ನೇಹಿತರಾದ ವಕೀಲರೊಬ್ಬರು ಊಟಕ್ಕೆ ಬಂದಿದ್ದಾಗ ಯಾರದೋ ಕಥೆಯೆಂಬಂತೆ ಇದನ್ನು ಹೇಳಿ, ಏನಾದರೂ ದಾರಿ ಇದೆಯೇ ಎಂದು ಕೇಳಿದೆ. ಅಫಿಡವಿಟ್ಟು ಹಾಕಿ, ಗೊತ್ತಿದ್ದವರು ಸಾಕ್ಷಿ ಹೇಳಿದರೆ ಹೆಸರು ಸರಿಪಡಿಸಿಕೊಳ್ಳಬಹುದು, ಸಾಕ್ಷಿ ಹೇಳಿದವರಿಗೆ ಸ್ವಲ್ಪ ತೊಂದರೆಯಾದೀತು ಎಂದರು. ತೊಂದರೆಯಾಗಲಿ. ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ಮನೆ ಹೇಳಿಲ್ಲ. ಮಾರನೆಯ ಭಾನುವಾರವೇ ಹಿನಕಲ್ಲಿಗೆ ಹೊರಟೆ.

ಹಿನಕಲ್ ಆಗಲೇ ಊರಿನ ಚಹರೆ ಕಳೆದುಕೊಂಡಿತ್ತು, ಎಲ್ಲಿ ನೋಡಿದರೂ ಹೊಸ ಮನೆ, ಹೊಸ ಜನ. ಸಿದ್ದರಾಜು ಮನೆ ಯಾವುದು ಎಂದು ಮೂರು ಕಡೆ ಕೇಳಿದೆ. ಯಾವ ಸಿದ್ದರಾಜು ಎಂದರು. ಬಲಗೈ ಇಲ್ಲ ಎಂದೆ. ಓ, ನಂಜುಂಡಸ್ವಾಮೀನಾ ಎಂದು ಒಬ್ಬಳು ಬೆರಳು ತೋರಿಸಿದಳು.

ಅವನು ಜಗಲಿಯ ತುದಿಯಲ್ಲಿ ಗೋಡೆಗೆ ಮುಖ ಮಾಡಿ, ರಸ್ತೆಗೆ ಬೆನ್ನು ಹಾಕಿ ಕೂತಿದ್ದ. ಎಡಗೈಯಲ್ಲಿ ಹುರುಳಿಕಾಯಿ ಸೋಸುತ್ತಿದ್ದ. ನಾನು ಹತ್ತಿರ ಹೋದ ಮೇಲೆ ನೋಡಿ, ಬನ್ನಿ ಅಕ್ಕಾವ್ರೆ ಎಂದು ಎದ್ದು ಜಾಗ ಬಿಟ್ಟ. ಅಷ್ಟೇ, ಮತ್ತೆ ಕೂತು ಸೋಸತೊಡಗಿದ. ಮಹದೇವಿ ಒಳಗೆ ಕರೆದು ಕಾಫಿ ಕೊಟ್ಟಳು. ನಾನು ಬಂದ ವಿಷಯ ಹೇಳಿದೆ. ಅಫಿಡವಿಟ್ಟು, ಸಾಕ್ಷಿ, ನನಗೇನಾದರೂ ಆಗಲಿ, ಅವನ ಹೆಸರು ಅವನಿಗೆ ವಾಪಸು ಬರಲಿ ಎಂದೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಪೆನ್ಷನ್ ನಿಲ್ಲಲ್ವಾ ಅಕ್ಕ ಎಂದು ಕೇಳಿದಳು. ನಿಲ್ಲಬಹುದು ಎಂದೆ. ಮಗನ ಶಾಲೆ ಸರ್ಟಿಫಿಕೇಟು, ರೇಷನ್ ಕಾರ್ಡು ಎಲ್ಲ ಸುಳ್ಳಾಗಲ್ವಾ ಎಂದಳು. ನಾನು ಖಾಲಿ ಲೋಟ ಅವಳ ಕೈಗೆ ಕೊಟ್ಟೆ.

ಅಷ್ಟರಲ್ಲಿ ಮತದಾರರ ಪಟ್ಟಿ ಬರೆದುಕೊಳ್ಳುವ ಟೀಚರೊಬ್ಬರು ಬಾಗಿಲಿಗೆ ಬಂದರು. ಮನೆ ಯಜಮಾನರ ಹೆಸರೇನಮ್ಮ ಎಂದು ಹೊರಗಿನಿಂದಲೇ ಕೇಳಿದರು. ಮಹದೇವಿ ಲೋಟ ತೊಳೆಯುತ್ತಲೇ, ನಂಜುಂಡಸ್ವಾಮಿ ಬರ್ಕೊಳಿ ಮೇಡಂ ಎಂದಳು. ತಡವರಿಸಲಿಲ್ಲ, ಸೆರಗು ಬಾಯಿಗೆ ಹೋಗಲಿಲ್ಲ. ಟೀಚರು ಬರೆದುಕೊಂಡು ಮುಂದಿನ ಮನೆಗೆ ಹೋದರು. ನಾನು ಅವಳನ್ನೇ ನೋಡುತ್ತಿದ್ದೆ. ಅವಳಿಗೆ ಅರ್ಥವಾಯಿತು.

“ಅದನ್ನ ಹೇಳೋಕೇನಕ್ಕ? ಅದು ನಮ್ಮ ಯಜಮಾನ್ರ ಹೆಸ್ರಲ್ವಲ್ಲ. ಅವ್ರ ಹೆಸ್ರು ನಾನು ಇವತ್ಗೂ ಬಾಯಲ್ಲಿ ಆಡಿಲ್ಲ. ನಾನೂ ಆಡಲ್ಲ, ಪೆನ್ಷನ್ ಕೆಡ್ತದೆ ಅಂತ ಊರ್ನೋರೂ ಆಡಲ್ಲ. ಅತ್ತೆ ಒಬ್ರು ಕೂಗೋರು, ಅವ್ರೂ ಹೋದ್ಸಲ ಹಬ್ಬಕ್ಕೆ ಮುಂಚೆ ಹೋಗ್ಬುಟ್ರು.”

ಬರುತ್ತೇನೆ ಎಂದು ಎದ್ದೆ. ಜಗಲಿಯಲ್ಲಿ ಅವನು ಮೊದಲಿನ ಹಾಗೇ ರಸ್ತೆಗೆ ಬೆನ್ನು ಹಾಕಿ ಕೂತಿದ್ದ. ಹಿಂದಿನಿಂದ ಹೆಸರು ಹಿಡಿದು ಒಂದು ಸಲ ಕೂಗೋಣ ಅನ್ನಿಸಿತು, ಅವನ ನಿಜವಾದ ಹೆಸರು. ಈ ಭೂಮಿಯ ಮೇಲೆ ಅದನ್ನು ಕೂಗಬಲ್ಲವಳು ಈಗ ನಾನೊಬ್ಬಳೇ. ಬಾಯಿಯ ತನಕ ಬಂತು. ಕೂಗಿದ ಮೇಲೆ ಅವನು ತಿರುಗದೇ ಹೋದರೆ ಎಂದು ಹೆದರಿಕೆಯಾಯಿತು. ಸದ್ದಾಗದ ಹಾಗೆ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟಾಪಿನ ಕಡೆ ನಡೆದುಬಿಟ್ಟೆ.